ಮೂವತ್ತು ನಂಬರ್ ಎಣ್ಣೆ

ಗ್ಯಾರೇಜಿನಲ್ಲಿ ಗೋಡೆಯ ಕಡೆಗಿನ ಎಣ್ಣೆ ಡ್ರಮ್ಮೋ, ಬಾಗಿಲ ಕಡೆಗಿನದೋ? ಹೋದ ವಾರದ ಮಂಗಳವಾರ ಬೆಳಿಗ್ಗೆ ತನ್ನ ಕೈ ಯಾವುದರ ನಲ್ಲಿ ತಿರುಗಿಸಿತ್ತು? ತೆಳು ಎಣ್ಣೆಯ, ಗೋಡೆಯ ಕಡೆಗಿನದೇ ಇರಬೇಕು. ಆದರೆ ಇರಬೇಕು ಎಂದುಕೊಂಡಷ್ಟೂ ಅನುಮಾನ ಹೆಚ್ಚುತ್ತಿತ್ತು. ಡಬ್ಬಿ ತುಂಬುವಾಗ ಹೆಂಡತಿ ಸ್ನೇಹಲ್ ತವರಿನಿಂದ ಫೋನ್ ಮಾಡಿದ್ದಳು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ಡಾಕ್ಟರು ಏನಂದರು ಎಂದು ಕೇಳುತ್ತ ಎಣ್ಣೆ ಹಿಡಿದಿದ್ದ. ಅವಳು ಹೇಳಿದ್ದೆಲ್ಲ ನೆನಪಿದೆ. ಎಣ್ಣೆ ಡಬ್ಬಿಗೆ ಬಿದ್ದ ಸದ್ದು ನೆನಪಿಲ್ಲ. ತೆಳು ಎಣ್ಣೆಯಾದರೆ ಸದ್ದು ಮಾಡುತ್ತ ಬೀಳುತ್ತದೆ. ದಪ್ಪನೆಯದು ಹಗ್ಗ ಇಳಿಬಿಟ್ಟ ಹಾಗೆ ಸುಮ್ಮನೆ ಇಳಿಯುತ್ತದೆ. ಅಂದು ಸದ್ದಾಗಿತ್ತೇ?

ಸವದತ್ತಿಯಿಂದ ಹೊರಟ ಬಸ್ಸು ಮುರಗೋಡ ದಾಟಿ ಬೈಲಹೊಂಗಲದ ದಾರಿ ಹಿಡಿದಿತ್ತು. ಕಿಟಕಿಯ ಪಕ್ಕ ಕುಳಿತ ಗೌತಮ ಮತ್ತೊಮ್ಮೆ ಬಲಗೈ ಬೆರಳುಗಳನ್ನು ಮೂಗಿನ ಹತ್ತಿರ ತಂದ. ಎರಡು ಸಲ ಸೋಪು ಹಚ್ಚಿ ತೊಳೆದರೂ ವಾಸನೆ ಹೋಗಿರಲಿಲ್ಲ. ಗಂಧಕದಂಥ ಆ ಕಟು ವಾಸನೆ ಟ್ರ್ಯಾಕ್ಟರಿನ ಗೇರ್ ಬಾಕ್ಸಿಗೆ ಹಾಕುವ ತೊಂಬತ್ತು ನಂಬರ್ ಎಣ್ಣೆಯದು. ಒಂಬತ್ತು ವರ್ಷ ಅದರಲ್ಲೇ ಕೈ ಅದ್ದಿದವನಿಗೆ ಕಣ್ಣು ಕಟ್ಟಿದರೂ ತಿಳಿಯುತ್ತಿತ್ತು. ಇವತ್ತು ಬೆಳಿಗ್ಗೆ ಅದು ಲಾಂಚಿನ ಗೇರ್ ಬಾಕ್ಸಿನೊಳಗೆ ಸಿಕ್ಕಿತ್ತು. ಅಲ್ಲಿ ಅದು ಇರಕೂಡದಾಗಿತ್ತು.

ಸವದತ್ತಿಯ ಹಿನ್ನೀರಿನಲ್ಲಿ ಈಚೆ ದಂಡೆಯಿಂದ ಆಚೆ ದಂಡೆಗೆ ಜನರನ್ನು ದಾಟಿಸುವ ಲಾಂಚು ಅದು. ದೋಣಿ ಸಂಘದವರು ಕಾರವಾರದ ಕಡೆಯಿಂದ ಹಳೆಯದನ್ನು ಕೊಂಡು ಲಾರಿಯಲ್ಲಿ ತಂದಿದ್ದರು. ಅದರ ಇಂಜಿನ್ ನೋಡಿಕೊಳ್ಳುವ ಕೆಲಸ ಗೌತಮನದು. ದೋಣಿಗೆ ಬ್ರೇಕ್ ಇರುವುದಿಲ್ಲ. ದಂಡೆ ಸಮೀಪಿಸಿದಾಗ ಗೇರನ್ನು ಹಿಂದಕ್ಕೆ ಹಾಕಿ, ನೀರೊಳಗಿನ ರೆಕ್ಕೆಯನ್ನು ಉಲ್ಟಾ ತಿರುಗಿಸಿಯೇ ಅದನ್ನು ನಿಲ್ಲಿಸಬೇಕು. ಗುರುವಾರ ಬೆಳಿಗ್ಗೆ ಡ್ರೈವರ್ ಭರಮಪ್ಪ ಹಿಡಿಕೆ ಹಿಂದಕ್ಕೆಳೆದಾಗ ಇಂಜಿನ್ ಕೂಗಿತು, ರೆಕ್ಕೆ ತಿರುಗಲಿಲ್ಲ. ಲಾಂಚು ಬಂದ ವೇಗದಲ್ಲೇ ಕಟ್ಟೆಯ ಕಲ್ಲಿಗೆ ಬಡಿಯಿತು. ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಮುಂದೆ ಕುಳಿತಿದ್ದ ಇಂದ್ರವ್ವ, ಕಲ್ಲನ್ನು ದೂರ ತಳ್ಳುವಂತೆ ಕೈ ಚಾಚಿದ್ದಳು. ಬಲಗೈಯ ಎರಡು ಬೆರಳು ಹೋದವು.

ಶುಕ್ರವಾರ, ಅಂದರೆ ಇವತ್ತು, ಸಂಘದ ಅಧ್ಯಕ್ಷ ಸಂಗಪ್ಪನ ಎದುರಿಗೇ ಗೌತಮ ಗೇರ್ ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದ್ದ. ಅಂಟಾಗಿತ್ತು.

“ಇದು ತೊಂಬತ್ತು ನಂಬರ್ರಿ,” ಎಂದ. “ಈ ಗೇರ್ ಬಾಕ್ಸಿಗೆ ಇದು ನಡೆಂಗಿಲ್ಲ. ಒಳಗಿನ ಪ್ಲೇಟು ಜಾರ್ತಾವ.”

“ನಡೆಂಗಿಲ್ಲ ಅಂದ್ರ ಹಾಕಿದವ ಯಾರು?”

“ಹೋದ ವಾರ ನಾನ ಬದಲಿ ಮಾಡೇನ್ರಿ. ಮೂವತ್ತು ನಂಬರ್ ಹಾಕಿದ್ದೆ.”

“ಹಾಕಿದ್ದು ಮೂವತ್ತು, ತಗದ್ರ ತೊಂಬತ್ತು,” ಎಂದ ಸಂಗಪ್ಪ. “ಇದೇನು ಬ್ಯಾಂಕಿನ ಡಿಪಾಜಿಟ್ಟೇನಪಾ, ಇಟ್ಟಲ್ಲೇ ಬೆಳ್ಯಾಕ?” ಆಮೇಲೆ ತಲೆ ಎತ್ತಿ, ಗೇರ್ ಬಾಕ್ಸಿನ ಮೇಲುಗಡೆಯ ಹಲಗೆಗೆ ಗೌತಮನೇ ಬಿಳಿ ಬಣ್ಣದಲ್ಲಿ ಬರೆದು ಮೊಳೆ ಹೊಡೆದಿದ್ದ ತಗಡನ್ನು ಓದಿದ: ಇಂಜಿನ್ ಎಣ್ಣೆ 30. ಬೇರೆ ಹಾಕಬಾರದು. “ಬರದಾವನೂ ನೀನ, ಮರತಾವನೂ ನೀನ. ಐತವಾರ ಸಭಾ ಕರದೇನಿ. ಅವತ್ತ ಒಂದು ಖರೇ ಮಾತು ಹೇಳು. ನಿನ್ನ ಕೈಯಿಂದ ಆಗಿದ್ರ ಲಾಂಚು ನಿನ್ನ ಕೈಯಾಗ ಇರಂಗಿಲ್ಲ.”

ಭರಮಪ್ಪ ಪಕ್ಕದಲ್ಲೇ ನಿಂತಿದ್ದ. “ಬುಧವಾರದಿಂದ ಗೇರು ಬೀಳಾಕ ತಡಾ ಮಾಡತಿತ್ತು ತಮ್ಮಾ,” ಎಂದಷ್ಟೇ ಹೇಳಿದ. ಗೌತಮನಿಗೆ ಆಗ ಆ ಮಾತು ತಲೆಗೆ ಹೋಗಲಿಲ್ಲ. ತಪ್ಪು ಎಣ್ಣೆ ಮೊದಲ ದಿನವೇ ತೊಂದರೆ ಕೊಡಬೇಕೆಂದಿಲ್ಲ. ವಾರ ಬಿಟ್ಟು ಕೊಟ್ಟಿರಬಹುದು. ಅವನು ತನ್ನ ಕೈಯನ್ನೇ ಅನುಮಾನಿಸುತ್ತ ಬಸ್ಸು ಹತ್ತಿದ್ದ.

ಹಾಗೆ ಅನುಮಾನಿಸುವುದು ಸುಲಭವಿರಲಿಲ್ಲ. ಆ ಎಣ್ಣೆಯನ್ನು ಆರಿಸಲು ಅವನು ಇಪ್ಪತ್ತು ದಿನ ತೆಗೆದುಕೊಂಡಿದ್ದ.

ಲಾಂಚು ಬಂದಾಗ ಗೇರ್ ಬಾಕ್ಸಿನ ಮೇಲಿದ್ದ ಹಿತ್ತಾಳೆಯ ಚೀಟಿ ಸಮುದ್ರದ ಉಪ್ಪಿಗೆ ಸವೆದು ಕನ್ನಡಿಯಂತಾಗಿತ್ತು. ಒಳಗೆ ಉಳಿದ ಎಣ್ಣೆ ಮಸಿಗಟ್ಟಿದ್ದರಿಂದ ಅದು ಯಾವುದೆಂದು ಹೇಳುವಂತಿರಲಿಲ್ಲ. ಗೌತಮ ಬೈಲಹೊಂಗಲದಲ್ಲಿ ವೀರಪ್ಪ ಮಿಸ್ತ್ರಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಕಲಿತು, ಈಗಲೂ ಅಲ್ಲೇ ದುಡಿಯುವವನು. ಕಿತ್ತೂರು, ನೇಸರಗಿ ಕಡೆಯ ಟ್ರ್ಯಾಕ್ಟರುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಅವನು ಮೊದಲು ವೀರಪ್ಪನನ್ನೇ ಕೇಳಿದ್ದ.

“ಗೇರ್ ಬಾಕ್ಸು ಅಂದ ಮ್ಯಾಲೆ ಕೇಳೂದೇನು?” ಎಂದಿದ್ದ ವೀರಪ್ಪ. “ತೊಂಬತ್ತು ನಂಬರ್. ಹಲ್ಲಿಗೆ ಹಲ್ಲು ತಿಕ್ಕತೈತಿ, ನಡುವ ದಪ್ಪ ಎಣ್ಣಿ ಬೇಕು. ನೆಲದ ಮ್ಯಾಲಿದ್ರೇನು, ನೀರಾಗಿದ್ರೇನು.”

ಗೌತಮನಿಗೆ ಒಪ್ಪಿಗೆಯಾಗಲಿಲ್ಲ. ಬಣ್ಣ ಕೆರೆದು, ಕಬ್ಬಿಣದ ಮೈಮೇಲೆ ಅಚ್ಚಾಗಿದ್ದ ಅಂಕಿ ಹುಡುಕಿ, ಅದರ ಫೋಟೋ ತೆಗೆದ. ಕಾರವಾರದಲ್ಲಿ ಮೀನುದೋಣಿಗಳ ಇಂಜಿನ್ ಕೆಲಸ ಮಾಡುವ ಒಬ್ಬ ಹಿರಿಯನ ನಂಬರ್ ಯಾರಿಂದಲೋ ಪಡೆದು ಫೋನ್ ಹಚ್ಚಿದ. ಆತ ಮೊದಲ ಎರಡು ದಿನ ಬೈದ, ಮೂರನೆಯ ದಿನ ಕಲಿಸಿದ. ಟ್ರ್ಯಾಕ್ಟರಿನಲ್ಲಿ ಹಲ್ಲುಗಳದೇ ಕೆಲಸ. ಇದರಲ್ಲಿ ಹಲ್ಲುಗಳ ಜತೆಗೆ ಎಣ್ಣೆಯಲ್ಲೇ ಮುಳುಗಿದ ಕ್ಲಚ್ ಪ್ಲೇಟುಗಳಿವೆ. ಎಣ್ಣೆಯ ಒತ್ತಡವೇ ಅವನ್ನು ಒಂದಕ್ಕೊಂದು ಒತ್ತಿ ಹಿಡಿಸುತ್ತದೆ. ತೊಂಬತ್ತು ನಂಬರಿನಲ್ಲಿ ಹಲ್ಲು ಕಾಯಲು ಬೆರೆಸಿದ ಮದ್ದು ಇರುತ್ತದೆ. ಅದು ಪ್ಲೇಟಿಗೆ ಹತ್ತಿದರೆ ಅವು ಹಿಡಿಯದೆ ಜಾರುತ್ತವೆ. ಕೆಲವು ಗೇರ್ ಬಾಕ್ಸುಗಳು ಕಾರಿನ ಸ್ಟಿಯರಿಂಗಿಗೆ ಹಾಕುವ ಕೆಂಪು ಎಣ್ಣೆ ಕೇಳುತ್ತವೆ. ಈ ಅಂಕಿಯದಕ್ಕೆ ಮಾತ್ರ ಬರಿಯ ಮೂವತ್ತು ನಂಬರಿನ ಇಂಜಿನ್ ಎಣ್ಣೆ. ಆತ ಪುಸ್ತಕದ ಹಾಳೆಯ ಫೋಟೋವನ್ನೂ ಕಳಿಸಿದ. ಗೌತಮ ಅದನ್ನು ಹತ್ತು ಸಲ ಓದಿ, ಅಂಕಿಗೆ ಅಂಕಿ ತಾಳೆ ನೋಡಿ, ಆಮೇಲೆ ತಗಡಿನ ಮೇಲೆ ಬರೆದಿದ್ದ.

ವೀರಪ್ಪನಿಗೆ ಫೋಟೋ ತೋರಿಸಿದಾಗ ಅವನು ಕನ್ನಡಕ ಹಣೆಗೇರಿಸಿ, “ಕಾರವಾರದಾವ್ರು ಮೀನದ ಎಣ್ಣೀನೂ ಹಾಕ್ಯಾರು,” ಎಂದು ನಕ್ಕಿದ್ದ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕಿದ್ದರು. ಗೌತಮನೂ ನಕ್ಕಿದ್ದ. ವೀರಪ್ಪನ ಕುಚೋದ್ಯ ಅವನನ್ನು ಎಂದೂ ನೋಯಿಸಿರಲಿಲ್ಲ. ಐಟಿಐ ಮುಗಿಸಿ ಕೆಲಸ ಕೇಳುತ್ತ ಬಂದಾಗ ಬೇರೆ ಕಡೆ ಹೆಸರಿನ ಜತೆ ಓಣಿಯನ್ನೂ ಕೇಳಿದ್ದರು. ವೀರಪ್ಪ ಏನೂ ಕೇಳದೆ ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟಿದ್ದ. ಅವನ ಹೆಂಡತಿ ರಾಚವ್ವ ಕಳಿಸುವ ರೊಟ್ಟಿಯ ಬುತ್ತಿಯನ್ನು ವೀರಪ್ಪ, ಮಗ ಬಸವಲಿಂಗ, ಗೌತಮ ಮೂವರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಗೌತಮ ಅವನನ್ನು ಕಾಕಾರ ಎನ್ನುತ್ತಿದ್ದ. ತನ್ನ ತಂದೆಯ ದನಿ ಅವನಿಗೆ ನೆನಪಿರಲಿಲ್ಲ. ವೀರಪ್ಪನ ಕೆಮ್ಮು ಮಾತ್ರ ಎರಡು ಓಣಿ ಆಚೆಯಿಂದಲೂ ಗುರುತು ಸಿಗುತ್ತಿತ್ತು.

ಬಸ್ಸಿಳಿದವನು ನೇರ ಗ್ಯಾರೇಜಿಗೆ ನಡೆದ. ಅನುಮಾನ ತೀರಿಸುವ ಒಂದು ದಾರಿ ಅಲ್ಲಿತ್ತು.

ವೀರಪ್ಪನ ಗ್ಯಾರೇಜಿಗೆ ಬೇರೆಲ್ಲೂ ಇಲ್ಲದ ಒಂದು ರೂಢಿಯಿತ್ತು. ಯಾವ ಯಂತ್ರದ ಎಣ್ಣೆ ಬದಲಿಸಿದರೂ ಇಳಿಸಿದ ಎಣ್ಣೆಯಲ್ಲಿ ಸ್ವಲ್ಪವನ್ನು ಔಷಧದ ಖಾಲಿ ಬಾಟಲಿಗೆ ತುಂಬಿ, ಯಂತ್ರ, ತಾರೀಖು, ಬದಲಿಸಿದವನ ಹೆಸರು ಬರೆದ ಚೀಟಿ ಅಂಟಿಸಿ, ಹಿಂದಿನ ಗೋಡೆಯ ಹಲಗೆಯ ಮೇಲೆ ವರ್ಷಗಟ್ಟಲೆ ಇಡುತ್ತಿದ್ದರು. ತಕರಾರು ತಂದ ಗಿರಾಕಿಗೆ ವೀರಪ್ಪ ಬಾಟಲಿ ತೋರಿಸುತ್ತಿದ್ದ. “ನೀನೂ ಸುಳ್ಳು ಹೇಳತಿ, ನಾನೂ ಹೇಳತೇನಿ,” ಎನ್ನುತ್ತಿದ್ದ. “ಇಳಿಸಿದ ಎಣ್ಣಿ ಹೇಳಂಗಿಲ್ಲ.” ಹಲಗೆಯ ಮೇಲೆ ಲಾಂಚಿನ ಹೆಸರಿನ ಒಂದು ಬಾಟಲಿ ಇರಬೇಕು, ಗೌತಮ ಇಳಿಸಿದ ಮಸಿಯೆಣ್ಣೆಯದು. ಅದರ ಪಕ್ಕ ಅಂದು ಬಳಸಿದ ಡಬ್ಬಿ ತೊಳೆಯದೆ ಬಿದ್ದಿರಬಹುದು. ತಳದಲ್ಲಿ ಉಳಿದ ಹನಿಯನ್ನು ಮೂಸಿದರೆ ತಿಳಿಯುತ್ತದೆ.

ಹಲಗೆಯ ಮೇಲೆ ಲಾಂಚಿನವು ಎರಡು ಬಾಟಲಿಗಳಿದ್ದವು.

ಮೊದಲನೆಯದು ಕಪ್ಪು. ಅದರ ಚೀಟಿ ಗೌತಮನ ಕೈಬರಹದ್ದು. ಎರಡನೆಯದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಜೇನುತುಪ್ಪದ ಬಣ್ಣ. ಓರೆ ಮಾಡಿದರೆ ಗಾಜಿನ ಮೇಲೆ ನೀರಿನಂತೆ ಓಡುತ್ತಿತ್ತು. ಮುಚ್ಚಳ ತೆಗೆದು ಮೂಸಿದ; ಗಂಧಕವಿರಲಿಲ್ಲ. ಬೆರಳಿಗೆ ತಿಕ್ಕಿದ. ಮೂವತ್ತು ನಂಬರ್, ಏಳು ದಿನ ಓಡಿದ್ದು. ತಾನು ಹಾಕಿದ ಎಣ್ಣೆಯೇ. ಕೈ ತಪ್ಪಿರಲಿಲ್ಲ. ಅವನು ಹಲಗೆಗೆ ಒರಗಿ ಒಂದು ಕ್ಷಣ ಕಣ್ಣು ಮುಚ್ಚಿದ.

ಆಮೇಲೆ ಚೀಟಿ ಓದಿದ. ಲಾಂಚು. ಈ ವಾರದ ಮಂಗಳವಾರದ ತಾರೀಖು. ಬದಲಿಸಿದವನು: ಗೌತಮ. ಅಕ್ಷರ ವೀರಪ್ಪನದು.

ಆ ಮಂಗಳವಾರ ಗೌತಮ ರಾಮದುರ್ಗದ ಆಚೆ ಸಾಲಹಳ್ಳಿಯಲ್ಲಿ, ಹೆಂಡತಿಯ ತವರಿನಲ್ಲಿದ್ದ. ಅಂದೇ ಅವನಿಗೆ ಮಗಳು ಹುಟ್ಟಿದ್ದಳು. ಪ್ರತಿ ಮಂಗಳವಾರ ಲಾಂಚಿಗೆ ರಜೆ; ಅವನು ಅದನ್ನು ನೋಡಿಬರುವ ದಿನ. ಈ ಸಲ ಹೋಗಲಾಗುವುದಿಲ್ಲ ಎಂದಾಗ, “ಹೋಗು, ಒಂದು ವಾರ ನೋಡದಿದ್ರ ಅದೇನು ಮುಳಗಂಗಿಲ್ಲ,” ಎಂದು ಕಳಿಸಿದವನು ವೀರಪ್ಪನೇ. ಬುಧವಾರ ಗೌತಮ ತಂದ ಪೇಢೆಯನ್ನು ಬಾಯಿಗೆ ಹಾಕಿಕೊಂಡು, “ಲಕ್ಷ್ಮಿ ಬಂದಳು ಬಿಡೋ,” ಎಂದವನೂ ಅವನೇ. ಆ ಹೊತ್ತಿಗೆ ಈ ಬಾಟಲಿ ಹಲಗೆಯ ಮೇಲಿತ್ತು.

“ಏನ ಹುಡಕಾಕತ್ತೀ?”

ವೀರಪ್ಪ ಬಾಗಿಲಲ್ಲಿ ನಿಂತಿದ್ದ. ಗೌತಮ ಬಾಟಲಿಯನ್ನು ಅವನ ಕಡೆ ಹಿಡಿದ.

“ಇದರ ಮ್ಯಾಲೆ ನನ್ನ ಹೆಸರೈತ್ರಿ ಕಾಕಾರ. ಅವತ್ತ ನಾ ಇಲ್ಲಿರಲಿಲ್ಲ.”

ವೀರಪ್ಪ ಕೆಮ್ಮಿದ. ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತ. “ನಾನ ಬದಲಿ ಮಾಡಿದೆ,” ಎಂದ, ಸುತ್ತುಬಳಸಿಲ್ಲದೆ. “ಬಸೂನ ಗಾಡಿ ಮ್ಯಾಲೆ ಹೋಗಿದ್ದೆ. ಕಡ್ಡಿ ಎಳದು ನೋಡಿದ್ರ ನೀರಾಗ ಎರಡು ಹನಿ ಎಣ್ಣಿ ಬಿಟ್ಟಂಗಿತ್ತು. ತಿಂಗಳದಾಗ ಹಲ್ಲು ಉದರತಿದ್ವು. ಆಗ ಮಂದಿ ಏನಂತಿದ್ರು? ಫೋನ್ ನೋಡಿ ಎಣ್ಣಿ ಹಾಕಿದ, ಲಾಂಚು ಕೆಡಿಸಿದ ಅಂತಿದ್ರು. ನಿನ್ನ ಮರ್ಯಾದಿ ಹೋಗಬಾರದು ಅಂತ ಸುಮ್ಮನ ಹೋಗಿ ಸುಮ್ಮನ ಬಂದೆ. ಲಾಂಚಿನ ಕೆಲಸ ನಿನ್ನ ಹೆಸರಿಗೈತಿ. ಅದಕ್ಕ ಚೀಟಿಗೂ ನಿನ್ನ ಹೆಸರ ಬರದೆ.”

“ತಗಡಿನ ಮ್ಯಾಲೆ ಬರದಿದ್ದೆನಲ್ರಿ.”

“ಓದಿದೆ.”

“ನನಗ ಒಂದು ಮಾತು ಹೇಳಬೇಕಿತ್ರಿ.”

“ಹೇಳಿದ್ರ ನೀ ಕೇಳತಿದ್ದೇನು? ಇಪ್ಪತ್ತು ದಿನ ಕೇಳಿದ್ಯಾ?”

ಹೊರಗೆ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿ ಬಂದ್ ಮಾಡಿದರು.

“ಇಂದ್ರವ್ವನ ಎರಡು ಬೆರಳು ಹೋಗ್ಯಾವ್ರಿ,” ಎಂದ ಗೌತಮ.

ವೀರಪ್ಪ ತನ್ನ ಕೈಗಳನ್ನು ನೋಡಿಕೊಂಡ. ಎಪ್ಪತ್ತೆರಡರ ಕೈಗಳು, ಉಗುರಿನ ಸಂದಿನ ಕಪ್ಪು ಯಾವ ಸೋಪಿಗೂ ಹೋಗದಂಥದು. “ಗೊತ್ತೈತಿ,” ಎಂದ. “ಎರಡು ದಿನ ಆತು ನನಗ ರೊಟ್ಟಿ ಇಳಿವಲ್ದು.” ಆಮೇಲೆ ಹೇಳಿದ: “ಐತವಾರ ನಾ ಬರತೇನಿ. ಎಲ್ಲಾರ ಮುಂದ ನಾನ ಹೇಳತೇನಿ. ನೀ ಮೊದ್ಲ ಬಾಯಿ ಬಿಡಬ್ಯಾಡ. ಕಲಿಸಿದವನ ಮ್ಯಾಲೆ ಹೊರಿಸಿದ, ಉಂಡ ಮನಿ ಗಳ ಎಣಿಸಿದ ಅಂತಾರ ನಿನಗ. ನಾ ಹೇಳೂತನಕ ಸುಮ್ಮನಿರು.”

“ಹೂನ್ರಿ.”

ಗೌತಮ ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟ. ತನ್ನ ಮೊಬೈಲಿನಲ್ಲಿ ಅದರ ಫೋಟೋ ತೆಗೆಯಬೇಕೆಂದು ಅವನಿಗೆ ತೋಚಲೇ ಇಲ್ಲ.

ಶನಿವಾರ ನೇಸರಗಿಯ ಮನೆಯಲ್ಲಿ ತಾಯಿ ಕೃಷ್ಣವ್ವನಿಗೆ ನಡೆದದ್ದೆಲ್ಲ ಹೇಳಿದ. ಅವಳು ಜೋಳ ಹಸನು ಮಾಡುತ್ತ ಕೇಳಿದಳು.

“ಕಾಕಾರು ತಾವ ಹೇಳತಾರಂತ,” ಎಂದ.

“ಹೇಳ್ಲಿ,” ಎಂದಳು. ಮೊರ ಎರಡು ಸಲ ಎತ್ತಿಹಾಕಿದಳು. “ಹೇಳಿದ ಮ್ಯಾಲೆ ಬಂದು ನನಗ ಹೇಳು.”

“ನಿನಗ ನಂಬಿಕಿಲ್ಲೇನು?”

“ನಾ ಏನ್ ಅಂದೆ? ಹೇಳ್ಲಿ ಅಂದೆ.”

ಮರುದಿನ, ಐತವಾರ, ದಂಡೆಯ ಮೇಲಿನ ಸಂಘದ ಖೋಲಿಯಲ್ಲಿ ಸಭೆ ಸೇರಿತು. ತಗಡಿನ ಮಾಡಿನ ಕೆಳಗೆ ಹದಿನೈದಿಪ್ಪತ್ತು ಜನ. ಇಂದ್ರವ್ವ ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು, ಕೈಯನ್ನು ಎದೆಯ ಮಟ್ಟದಲ್ಲಿ ಎತ್ತಿ ಹಿಡಿದು ಬಾಗಿಲ ಬಳಿ ಕುಳಿತಿದ್ದಳು. ಭರಮಪ್ಪ ಅವಳ ಪಕ್ಕ. ಗೌತಮ ಒಬ್ಬನೇ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ. ವೀರಪ್ಪ ಬರುತ್ತಾನೋ ಇಲ್ಲವೋ ಎಂಬ ಒಂದೇ ಅಳುಕು ಅವನಿಗಿತ್ತು. ಬೈಕಿನ ಸದ್ದಾಯಿತು. ಮಗನ ಹೆಗಲು ಹಿಡಿದು ವೀರಪ್ಪ ಇಳಿದ. ಬಸವಲಿಂಗನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಬಾಟಲಿಯಿತ್ತು. ಅದನ್ನು ಕಂಡದ್ದೇ ಗೌತಮನ ಅಳುಕು ಹೋಯಿತು. ಸಾಕ್ಷಿ ಸಮೇತ ಬಂದಿದ್ದಾರೆ. ಇಂಥವರನ್ನು ಅವ್ವ ಅನುಮಾನಿಸಿದಳಲ್ಲ ಎಂದು ಮನಸ್ಸಿನಲ್ಲೇ ನಾಚಿದ. ಬಸವಲಿಂಗ ಮಾತ್ರ ಅವನ ಕಡೆ ನೋಡಲಿಲ್ಲ.

ಸಂಗಪ್ಪ ನಡೆದದ್ದನ್ನು ವಿವರಿಸಿ, “ಎಣ್ಣಿ ಯಾರು ಹಾಕಿದ್ದು ಅನ್ನೂದು ಇವತ್ತ ಇತ್ಯರ್ಥ ಆಗಬೇಕು. ವೀರಪ್ಪಾರ, ನೀವು ಹಿರೇರು. ಹುಡುಗ ನಿಮ್ಮ ಕೈಯಾಗ ಬೆಳದಾನ. ನೀವ ಹೇಳ್ರಿ,” ಎಂದ.

ವೀರಪ್ಪ ಬಾಟಲಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟ. ತನ್ನ ಗ್ಯಾರೇಜಿನ ರೂಢಿಯನ್ನು ನಿಧಾನವಾಗಿ, ಒಂದೂ ಮಾತು ತಪ್ಪದೆ ಹೇಳಿದ. ಇಳಿಸಿದ ಎಣ್ಣೆ ಸುಳ್ಳು ಹೇಳುವುದಿಲ್ಲ ಎಂದೂ ಹೇಳಿದ. ಜನ ತಲೆದೂಗಿದರು. “ಇದು ಆ ಮಂಗಳವಾರ ಲಾಂಚಿಂದ ಇಳಿಸಿದ ಎಣ್ಣಿ. ಇದು ಚಲೋ ಎಣ್ಣಿ. ಇದನ್ನ ಇಳಿಸಿ ತೊಂಬತ್ತು ತುಂಬ್ಯಾರ,” ಎಂದ.

“ತುಂಬಿದ್ದು ಯಾರ್ರಿ?”

ವೀರಪ್ಪ ಬಾಟಲಿಯನ್ನು ಸಂಗಪ್ಪನ ಕಡೆ ಸರಿಸಿದ.

“ಚೀಟಿ ಮ್ಯಾಲೆ ಹೆಸರೈತಿ. ಓದ್ರಿ.”

ಸಂಗಪ್ಪ ಓದಿದ. ಖೋಲಿಯಲ್ಲಿದ್ದವರೆಲ್ಲ ಗೌತಮನ ಕಡೆ ತಿರುಗಿದರು.

ಗೌತಮ ವೀರಪ್ಪನನ್ನೇ ನೋಡುತ್ತಿದ್ದ. ಇದು ಮಾತಿನ ಮೊದಲ ಭಾಗವಿರಬೇಕು, ಹೆಸರು ಅವನದಾದರೂ ಕೈ ನನ್ನದು ಎಂಬ ಮಾತು ಈಗ ಬರುತ್ತದೆ ಎಂದು ಕಾದ. ಹೊರಗೆ ನೀರು ಲಾಂಚಿನ ಮೈಗೆ ಬಡಿಯುವ ಸದ್ದು ಕೇಳುತ್ತಿತ್ತು. ಒಬ್ಬ ಕೆಮ್ಮಿದ. ಇಂದ್ರವ್ವ ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಿಂದ ಆಧರಿಸಿ ಹಿಡಿದಳು. ವೀರಪ್ಪ ಮೇಜಿನ ಮೇಲಿನ ಬಟ್ಟೆಯನ್ನು ಮಡಚುತ್ತಿದ್ದ. ಎರಡು ಮಡಿಕೆ, ನಾಲ್ಕು ಮಡಿಕೆ. ಇನ್ನು ಮಡಚಲಾಗದಷ್ಟು ಚಿಕ್ಕದಾದ ಮೇಲೆ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

“ಏನಂತಿ ಗೌತಮ?” ಎಂದ ಸಂಗಪ್ಪ.

ಸುಮ್ಮನಿರು ಎಂದಿದ್ದರು, ತಾನು ಹೂಂ ಎಂದಿದ್ದ. ಈಗ ಬಾಯಿ ತೆರೆದರೆ ಏನಾಗುತ್ತದೆ ಎಂದು ಅವನು ಆ ನಿಮಿಷದಲ್ಲೇ ಯೋಚಿಸಿದ. ಸಾಲಹಳ್ಳಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಮಾವನ ಮನೆಯವರು, ಆಸ್ಪತ್ರೆಯ ಕಾಗದ, ಎಲ್ಲ ಇವೆ. ವೀರಪ್ಪ ಮಿಸ್ತ್ರಿ ಈ ಜನರೆದುರು ಸುಳ್ಳನಾಗುತ್ತಾನೆ. ಆದರೆ ಗೌತಮನಿಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ. ಆ ಮಾತು ವೀರಪ್ಪನ ಬಾಯಿಂದ, ಯಾರೂ ಎಳೆಯದೆ ಬರಬೇಕಿತ್ತು. ಎಳೆದು ತೆಗೆದ ಮೇಲೆ ಅದರಿಂದ ತನಗೇನು?

“ಹೆಸರು ನಂದ ಐತ್ರಿ,” ಎಂದ. ಇದು ಅವನು ಕೊಟ್ಟ ಕೊನೆಯ ಅವಕಾಶ. ಹೆಸರು ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳಿ, ವೀರಪ್ಪನ ಕಣ್ಣು ಹುಡುಕಿದ.

ವೀರಪ್ಪ ಎದ್ದು ನಿಂತ. “ಹುಡುಗನ್ನ ಬೈಬ್ಯಾಡ್ರಿ,” ಎಂದ. “ಹೆಣ್ತಿ ದಿನಾ ತುಂಬಿದಾಕಿ, ತವರಮನ್ಯಾಗಿದ್ಲು. ಮನಸು ಅಲ್ಲಿತ್ತು, ಕೈ ಇಲ್ಲಿತ್ತು. ಎಂಥಾವನ ಕೈನೂ ಒಮ್ಮೆ ತಪ್ಪತೈತಿ. ಕಲಿಸಿದಾವ ನಾನು, ನಂದೂ ಅದರಾಗ ಪಾಲೈತಿ. ಇವನ ಪರವಾಗಿ ಇಂದ್ರವ್ವಗ ನಾ ಕೈ ಮುಗೀತೇನಿ.”

ಮುಗಿದೂಬಿಟ್ಟ. ಎಷ್ಟು ದೊಡ್ಡ ಮನುಷ್ಯ ಎಂದು ಯಾರೋ ಹಿಂದಿನಿಂದ ಅಂದರು. ಇಂದ್ರವ್ವ ಗಾಬರಿಯಿಂದ, “ನೀವ್ಯಾಕ್ರಿ ಯಪ್ಪಾ, ನೀವ್ಯಾಕ,” ಎಂದು ಎದ್ದಳು. ಗೌತಮನಿಗೆ ಮಗಳ ಮುಖ ಕಣ್ಣೆದುರು ಬಂತು. ಐದು ದಿನದ ಕೂಸು. ಇನ್ನೂ ಹೆಸರಿಡದ ಆ ಕೂಸನ್ನು ಇಲ್ಲಿ ಈ ಖೋಲಿಯೊಳಗೆ ತಂದು, ತನ್ನ ತಪ್ಪಿಗೆ ಕಾರಣವಾಗಿ ಕೂರಿಸಿದ್ದರು.

ಗೊತ್ತುವಳಿ ಬೇಗ ಆಯಿತು. ಮಂಗಳವಾರದೊಳಗೆ ಗೌತಮ ಗೇರ್ ಬಾಕ್ಸು ಸರಿಮಾಡಿ ಕೊಡಬೇಕು. ಆಮೇಲೆ ಲಾಂಚನ್ನು ಬಸವಲಿಂಗ ನೋಡಿಕೊಳ್ಳುತ್ತಾನೆ.

ಸಂಜೆ ಮನೆಗೆ ಹೋದಾಗ ಕೃಷ್ಣವ್ವ ಏನೂ ಕೇಳಲಿಲ್ಲ. ಚಹಾ ಕೊಟ್ಟು, “ಸ್ನೇಹಲ್ ಫೋನ್ ಮಾಡಿದ್ಲು. ಕೂಸು ಹಾಲು ಚಲೋ ಕುಡ್ಯಾಕತ್ತೈತಂತ,” ಎಂದಳು.

ಮಂಗಳವಾರ ಅವನು ಒಬ್ಬನೇ ಲಾಂಚಿನ ಹೊಟ್ಟೆಯೊಳಗೆ ಕುಳಿತು ಕೆಲಸ ಮಾಡಿದ. ತೊಂಬತ್ತು ನಂಬರನ್ನು ಪೂರ್ತಿ ಇಳಿಸಿದ. ಪ್ಲೇಟುಗಳು ಕಾದು ನೀಲಿಯಾಗಿ, ಗಾಜಿನಂತೆ ನುಣುಪಾಗಿದ್ದವು. ಹುಬ್ಬಳ್ಳಿಯಿಂದ ಹಿಂದಿನ ದಿನವೇ ತರಿಸಿದ್ದ ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿದ. ಎಣ್ಣೆ ಸೋಸುವ ಜಾಳಿಗೆ ಬಿಚ್ಚಿ ತೊಳೆದ. ಹೊಸ ಎಣ್ಣೆ ಹಾಕಿ, ಇಂಜಿನ್ ಐದು ನಿಮಿಷ ಓಡಿಸಿ, ಅದನ್ನೂ ಇಳಿಸಿ ಚೆಲ್ಲಿದ. ಹಳೆಯದರ ಒಂದು ಹನಿಯೂ ಒಳಗಿರಬಾರದಿತ್ತು. ಮತ್ತೆ ತುಂಬಿದ. ಯಾರಾದರೂ ನೋಡಲಿ ಬಿಡಲಿ, ಕಡ್ಡಿಯ ಗೆರೆಗೆ ಸರಿಯಾಗಿ.

ಮಧ್ಯಾಹ್ನ ಬಸವಲಿಂಗ ಬಂದ. ಸ್ವಲ್ಪ ಹೊತ್ತು ಮೇಲೆ ನಿಂತಿದ್ದು, ಆಮೇಲೆ ಇಳಿದು ಪಕ್ಕ ಕುಕ್ಕರುಗಾಲಲ್ಲಿ ಕುಳಿತ.

“ಗೌತ್ಯಾ, ಅಪ್ಪಗ ಎಪ್ಪತ್ತೆರಡು,” ಎಂದ. “ನಲವತ್ತು ವರ್ಷದ ಹೆಸರು. ನಾನ ಬ್ಯಾಡ ಅಂದೆ. ಹೇಳಾಕ ತಯಾರಾಗಿದ್ದ ಅಂವ. ನಾನ ತಡದೆ.”

ಗೌತಮ ಪಾನಾ ಒರೆಸುತ್ತಿದ್ದ.

“ನಿಂದು ಹರೇದ ವಯಸ್ಸು. ಎಲ್ಲಿ ಹೋದ್ರೂ ದುಡೀತಿ. ಮುದುಕ ಎಲ್ಲಿ ಹೋಗಬೇಕು? ಏನರ ಮಾತಾಡೋ. ಬೈಯಿ ಬೇಕಾದ್ರ.”

“ಕೈ ಕೊಡು,” ಎಂದ ಗೌತಮ. ಬಸವಲಿಂಗ ಅರ್ಥವಾಗದೆ ಕೈ ಚಾಚಿದ. ಗೌತಮ ಕಡ್ಡಿ ಎಳೆದು ಅವನ ಬೆರಳಿಗೆ ಎಣ್ಣೆ ಹಚ್ಚಿದ. “ತಿಕ್ಕು. ಮೂಸು. ಹಿಂಗ ಇರಬೇಕು. ದಿನಾ ಬೆಳಿಗ್ಗೆ ಮೂಸಿ ನೋಡೂದು, ಬರೀ ಗೆರಿ ನೋಡೂದಲ್ಲ. ಯಾರು ಹೇಳಿದ್ರೂ ತೊಂಬತ್ತು ಹಾಕಬ್ಯಾಡ. ನಿಮ್ಮಪ್ಪ ಹೇಳಿದ್ರೂ ಹಾಕಬ್ಯಾಡ.”

“ಕಾಕಾರು ಅನ್ನತಿದ್ದಿ,” ಎಂದ ಬಸವಲಿಂಗ.

ಗೌತಮ ಇಂಜಿನ್ ಪೆಟ್ಟಿಗೆಯ ಕೀಲಿಯನ್ನು ಅವನ ಮುಂದಿಟ್ಟ. ಗ್ಯಾರೇಜಿಗೆ ಇನ್ನು ಬರುವುದಿಲ್ಲ, ರಾಮದುರ್ಗದಲ್ಲಿ ಪಂಪ್‌ಸೆಟ್ ರಿಪೇರಿಯವರ ಹತ್ತಿರ ಕೇಳಿದ್ದೇನೆ ಎಂದಷ್ಟೇ ತಿಳಿಸಿದ. ಭರಮಪ್ಪನನ್ನು ಕರೆದು ಲಾಂಚನ್ನು ಒಂದು ಸುತ್ತು ಓಡಿಸಿದರು. ಕಟ್ಟೆ ಹತ್ತಿರವಾದಾಗ ಭರಮಪ್ಪ ಹಿಡಿಕೆ ಹಿಂದಕ್ಕೆಳೆದ. ನೀರು ನೊರೆಯೆದ್ದು, ಲಾಂಚು ಕಲ್ಲಿನಿಂದ ಎರಡು ಗೇಣು ದೂರದಲ್ಲಿ ಸುಮ್ಮನೆ ನಿಂತಿತು.

ಕಟ್ಟೆಯ ಮೇಲೆ ಇಂದ್ರವ್ವ ಕುಳಿತಿದ್ದಳು. ಪಟ್ಟಿ ಬದಲಿಸಿಕೊಂಡು ದವಾಖಾನೆಯಿಂದ ಬಂದವಳು, ರಜೆಯ ದಿನ ಮರೆತು ದಾಟಲು ಕಾಯುತ್ತಿದ್ದಳು. ಗೌತಮ ಇಳಿದು ಅವಳ ಎದುರು ನಿಂತ. ದಾಟಿ ಹೋಗಲು ಅವನಿಗೆ ಆಗಲಿಲ್ಲ.

“ನಿಂದ ಏನಪಾ ಆ ಎಣ್ಣಿ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೇ.

“ತಪ್ಪು ಎಣ್ಣಿ ಬಿದ್ದಿತ್ತು ಯವ್ವಾ. ಈಗ ಸರಿ ಮಾಡೇನಿ.”

“ಗೇರು ಸರಿ ಮಾಡಿದಿ.” ಅವಳು ಬಲಗೈ ಎತ್ತಿ ತೋರಿಸಿದಳು. “ಈ ಕೈಲೆ ರೊಟ್ಟಿ ಬಡೀತಿದ್ದೆ. ಎರಡು ಬೆರಳಿಲ್ಲದ ಕೈಗೆ ಇನ್ನ ಹಿಟ್ಟು ನಿಂದರಂಗಿಲ್ಲ, ಸೊಸಿ ಬಡದು ಹಾಕಾಕತ್ತಾಳ. ರಾತ್ರಿ ಮಲಗಿದಾಗ ಒಂದು ವಿಚಾರ ಬರತೈತಿ, ಯಾರ ಕೈಯಿಂದ ಹಿಂಗಾತು ಅಂತ. ಆ ಮುದುಕ ಕೈ ಮುಗಿದಾಗ ಅವನ ಕೈ ನಡಗತಿದ್ವು. ನಿನ್ನ ಮಾರಿ ನೋಡಿದ್ರ ತಪ್ಪು ಮಾಡಿದಾವನ ಮಾರಿ ಅನಸಲಿಲ್ಲ ನನಗ. ಖರೇ ಹೇಳು. ನೀನ ಹಾಕಿದ್ಯಾ?”

ಗೌತಮ ಬಾಯಿ ತೆರೆದ. ಹಿಂದೆ ಲಾಂಚಿನಲ್ಲಿ ಬಸವಲಿಂಗ ಹಗ್ಗ ಕಟ್ಟುವುದನ್ನು ನಿಲ್ಲಿಸಿದ್ದು ಅವನ ಬೆನ್ನಿಗೆ ತಿಳಿಯಿತು. ಈ ಹೆಂಗಸಿಗೆ ತಾನು ಸುಮ್ಮನಿರುವುದಾಗಿ ಮಾತು ಕೊಟ್ಟಿರಲಿಲ್ಲ. ಅವಳಿಗೆ ಉತ್ತರ ಬೇಕಿತ್ತು, ಅದು ಅವಳ ಹಕ್ಕಾಗಿತ್ತು. ಆದರೆ ಒಂಬತ್ತು ವರ್ಷ ಒಬ್ಬನನ್ನು ತಂದೆಯ ಜಾಗದಲ್ಲಿಟ್ಟಿದ್ದೆ, ಅವನು ನನ್ನ ಹೆಸರನ್ನೇ ತನಗೆ ಮರೆ ಮಾಡಿಕೊಂಡ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಮೋಸ ಮಾಡಿದವನಿಗೆ ಆಗಬೇಕಾದ ನಾಚಿಕೆ ಮೋಸಹೋದವನಿಗೆ ಏಕಾಗುತ್ತದೋ ಅವನಿಗೆ ತಿಳಿಯಲಿಲ್ಲ.

ಇಂದ್ರವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು, ಎಡಗೈಯಿಂದ ಸೆರಗು ಸರಿಮಾಡಿಕೊಂಡು, ರಸ್ತೆಯ ಕಡೆ ನಡೆದಳು. ಮುಂದೆ ಒಂದೆರಡು ಸಲ ಸವದತ್ತಿಯ ಸಂತೆಯಲ್ಲಿ ಅವಳು ಸಿಕ್ಕಿದಳು. ಕೂಸು ಹೇಗಿದೆ ಎಂದು ಕೇಳಿದಳು.

ಎಣ್ಣೆ ಹಾಕಿದವನು ವೀರಪ್ಪ ಎಂದು ಗೌತಮ ಅವಳಿಗೆ ಎಂದೂ ಹೇಳಲಿಲ್ಲ.